ಇರುಳುಗುರುಡೂ ಹಣ್ಣುನೊಣವೂ

ಹಾಸನದಿಂದ ಮಂಗಳೂರಿನ ಕಡೆಗೆ ಹೊರಟ ರೈಲು ಆಲೂರನ್ನು ಹಿಂದೆ ಹಾಕಿ ಸಕಲೇಶಪುರವನ್ನು ಸಮೀಪಿಸುವಷ್ಟರಲ್ಲಿ ಬಯಲುಸೀಮೆ ಮರೆಯಾಗಿ ಮಲೆನಾಡು ಮೈದೋರುತ್ತದೆ. ಗದ್ದೆಯ ಅಂಚಿಗೆ ಗುಡ್ಡ, ಗುಡ್ಡದ ಮೈಗೆ ಕಾಫಿಯ ತೋಟ, ತೋಟದ ನೆರಳಿಗೆ ಹಲಸು, ಅತ್ತಿ, ಹಾಲುವಾಣ. ಇಲ್ಲಿ ಹೊತ್ತು ಮುಳುಗುವುದಕ್ಕೆ ಮೊದಲೇ ಮರಗಳ ಅಡಿಯಲ್ಲಿ ಇರುಳು ಇಳಿದಿರುತ್ತದೆ. ಹಗಲೆಲ್ಲ ಚುರುಕಾಗಿ ಓಡಾಡಿದ ಹುಡುಗನೊಬ್ಬ ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯ ಹೊಸ್ತಿಲನ್ನು ಎಡವುತ್ತಾನೆ. ಕಾಲುದಾರಿಯಲ್ಲಿ ಮುಂದೆ ಹೋಗುವವರ ಅಂಗಿಯ ಚುಂಗನ್ನು ಹಿಡಿದುಕೊಳ್ಳುತ್ತಾನೆ. ಮನೆಯವರು ಮೊದಲು ನಗುತ್ತಾರೆ, ಆಮೇಲೆ ಗದರುತ್ತಾರೆ, ಕೊನೆಗೆ ಮೌನವಾಗುತ್ತಾರೆ. ಅದಕ್ಕೆ ಕನ್ನಡದಲ್ಲಿ ಬಹು ಹಿಂದಿನಿಂದಲೂ ಒಂದು ಹೆಸರುಂಟು: ಇರುಳುಗುರುಡು.

ಹೆಸರು ಇದ್ದಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಕಾರಣವನ್ನು ಹುಡುಕುವ ಕೆಲಸ ಬಹುಮಟ್ಟಿಗೆ ಹುಡುಗನ ತಾಯಿಯ ಮೇಲೆಯೇ ಬಂದು ನಿಲ್ಲುತ್ತದೆ. ಬಸುರಿಯಲ್ಲಿ ಗ್ರಹಣ ನೋಡಿದಳೆ? ನಾಗನ ಬನದಲ್ಲಿ ಅಪಚಾರವಾಯಿತೆ? ಅವಳ ತವರಿನಲ್ಲಿ ಯಾರಿಗಾದರೂ ಹೀಗಿತ್ತೆ? ಈ ಬಗೆಯ ಪ್ರಶ್ನೆ ಇಂದಿನದಲ್ಲ. ಧೃತರಾಷ್ಟ್ರನು ಕುರುಡನಾಗಿ ಹುಟ್ಟಿದ್ದಕ್ಕೆ ಅಂಬಿಕೆಯು ಕಣ್ಣು ಮುಚ್ಚಿಕೊಂಡದ್ದೇ ಕಾರಣವೆಂದು ಮಹಾಭಾರತದ ಕಥೆ ಹೇಳುತ್ತದೆ. ಮಗನ ಕಣ್ಣಿಗೆ ತಾಯಿಯೇ ಹೊಣೆ ಎಂಬ ಎಣಿಕೆ ಅಷ್ಟು ಹಳೆಯದು.

ಅದೇ ಮನೆಯ ಹಿಂದೆ, ಕಾಫಿ ಕುಯಿಲಿನ ದಿನಗಳಲ್ಲಿ, ಯಂತ್ರದಿಂದ ಬಿದ್ದ ಹಣ್ಣಿನ ಸಿಪ್ಪೆ ರಾಶಿಯಾಗಿ ಹುಳಿಯುತ್ತಿರುತ್ತದೆ. ಅಡುಗೆಮನೆಯ ಮಾಡಿನಿಂದ ತೂಗಿದ ಬಾಳೆಗೊನೆ ಕಳಿಯುತ್ತಿರುತ್ತದೆ. ಎರಡು ಕಡೆಯೂ ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ನುಸಿಗಳು ಮುತ್ತಿಕೊಂಡು ಹಾರುತ್ತಿರುತ್ತವೆ. ಕೈಬೀಸಿದರೆ ಚದರಿ ಮತ್ತೆ ಬಂದು ಕೂರುವ ಈ ಕ್ಷುದ್ರ ಜೀವಿಗೂ ಹೊಸ್ತಿಲು ಎಡವಿದ ಹುಡುಗನಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಆ ತಾಯಿಗೆ ಸಲ್ಲಬೇಕಾದ ಉತ್ತರದ ಬಹು ದೊಡ್ಡ ಭಾಗವನ್ನು ಜಗತ್ತಿನ ವಿಜ್ಞಾನಿಗಳು ಓದಿಕೊಂಡದ್ದು ಈ ನುಸಿಯ ಕಣ್ಣಿನಲ್ಲಿ.

ಬಿಳಿಗಣ್ಣಿನ ಗಂಡು

ಈ ನುಸಿಯೇ ಹಣ್ಣುನೊಣ. ಶಾಸ್ತ್ರಜ್ಞರು ಇಟ್ಟ ಹೆಸರು ಡ್ರಾಸೊಫಿಲ. ಮಾವು, ಸೀಬೆಗಳನ್ನು ಕೊರೆದು ಹಾಳುಮಾಡುವ ದೊಡ್ಡ ನೊಣ ಬೇರೆ, ಇದು ಬೇರೆ. ಇದಕ್ಕೆ ಬೇಕಾದುದು ಹಣ್ಣಿಗಿಂತ ಹೆಚ್ಚಾಗಿ ಹುಳಿಯುವ ಹಣ್ಣಿನಲ್ಲಿ ಬೆಳೆಯುವ ಹುದುಗು. ಮೈಯುದ್ದ ಸುಮಾರು 3 ಮಿಲಿಮೀಟರು. ಮೊಟ್ಟೆಯಿಂದ ರೆಕ್ಕೆ ಬಂದ ನೊಣವಾಗಲು ಬೆಚ್ಚಗಿನ ಕೋಣೆಯಲ್ಲಿ ಹತ್ತು ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಮನುಷ್ಯನ ಮೂರು ತಲೆಮಾರನ್ನು ನೋಡಬೇಕಾದರೆ ಒಬ್ಬನ ಆಯುಷ್ಯವೆಲ್ಲ ಬೇಕು; ನೊಣದ ಮೂರು ತಲೆಮಾರನ್ನು ಒಂದು ತಿಂಗಳ ಸೀಸೆಯಲ್ಲಿ ನೋಡಬಹುದು.

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ವಿಜ್ಞಾನಿ ಇಂಥ ಸೀಸೆಗಳ ನಡುವೆ ಒಂದು ವಿಚಿತ್ರವನ್ನು ಕಂಡನು. ಕೆಂಪು ಕಣ್ಣಿನ ನೊಣಗಳ ಸಂಸಾರದಲ್ಲಿ ಬಿಳಿಗಣ್ಣಿನ ಗಂಡೊಂದು ಹುಟ್ಟಿತ್ತು. ಅದನ್ನು ಕೆಂಪು ಕಣ್ಣಿನ ಹೆಣ್ಣುಗಳೊಡನೆ ಕೂಡಿಸಿದಾಗ ಮಕ್ಕಳು 1,240. ಅವುಗಳಲ್ಲಿ ಮೂರನ್ನುಳಿದು ಎಲ್ಲವೂ ಕೆಂಪು ಕಣ್ಣಿನವೇ. ಬಿಳುಪು ಅಳಿದುಹೋಯಿತೆಂದು ಬೇರೆಯವರು ಕೈತೊಳೆದುಕೊಳ್ಳುತ್ತಿದ್ದರೇನೋ. ಮಾರ್ಗನ್ ಆ ಮಕ್ಕಳನ್ನು ತಮ್ಮತಮ್ಮಲ್ಲಿಯೇ ಕೂಡಿಸಿ ಮೊಮ್ಮಕ್ಕಳನ್ನು ಎಣಿಸಿದನು. ಕೆಂಪು ಕಣ್ಣಿನ ಹೆಣ್ಣು 2,459, ಕೆಂಪು ಕಣ್ಣಿನ ಗಂಡು 1,011, ಬಿಳಿ ಕಣ್ಣಿನ ಗಂಡು 782. ತಾತನ ಕಣ್ಣು ಮೊಮ್ಮಕ್ಕಳಲ್ಲಿ ಮರಳಿ ಬಂದಿತ್ತು. ಬಂದದ್ದೂ ಗಂಡುಗಳಲ್ಲಿ ಮಾತ್ರ.

ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟವಾಯಿತು. ಮೊದಲನೆಯದು, ವಂಶದ ಗುಣಗಳನ್ನು ಹೊರುವ ಜೀನ್ ಎಂಬ ಘಟಕ, ಅಂದರೆ ವಂಶವಾಹಿ, ಜೀವಕೋಶದೊಳಗಿನ ವರ್ಣತಂತುಗಳ ಮೇಲೆಯೇ ಕುಳಿತಿದೆ. ಎರಡನೆಯದು, ಅದು ಒಂದು ತಲೆಮಾರಿನಲ್ಲಿ ಕಾಣದಿದ್ದರೂ ಇಲ್ಲದೆ ಹೋಗಿರುವುದಿಲ್ಲ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ನಮ್ಮ ಗಾದೆ ಅರ್ಧ ನಿಜ. ಸೀರೆಯ ಹೊರಮೈಯಲ್ಲಿ ಕಾಣದ ಎಳೆಯೂ ನೆಯ್ಗೆಯೊಳಗೆ ಇರುತ್ತದೆ. ವಂಶವಾಹಿಯಲ್ಲಿ ಹಠಾತ್ತನೆ ಒದಗುವ ಮಾರ್ಪಾಟಿಗೆ ಉತ್ಪರಿವರ್ತನೆ ಎನ್ನುತ್ತಾರೆ. ಅದು ಯಾರ ಪಾಪದಿಂದಲೂ ಆಗುವುದಲ್ಲ. ಲಿಪಿಕಾರನು ಓಲೆಯನ್ನು ಪ್ರತಿಮಾಡುವಾಗ ಒಂದಕ್ಷರ ತಪ್ಪಿದಂತೆ ಆಗುತ್ತದೆ, ಮುಂದಿನ ಪ್ರತಿಗಳಲ್ಲಿ ಅದೇ ತಪ್ಪು ಮುಂದುವರಿಯುತ್ತದೆ. ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಹುಮಾನ ಬಂದಿತು.

ದೀಪದ ಕಡೆಗೆ ಓಡದ ನೊಣಗಳು

ನೊಣದ ಒಂದೊಂದು ಕಣ್ಣೂ ಸುಮಾರು 750 ಪುಟ್ಟ ಕಣ್ಣುಗಳ ಜೇನುಗೂಡು. ಪ್ರತಿಯೊಂದು ಗೂಡಿನಲ್ಲಿಯೂ ಬೆಳಕನ್ನು ಗ್ರಹಿಸುವ ಎಂಟು ಜೀವಕೋಶಗಳಿರುತ್ತವೆ. ಮನುಷ್ಯನ ಕಣ್ಣಿನ ಹಿಂಗೋಡೆಯಲ್ಲಿ ಹಾಸಿರುವ ಅಕ್ಷಿಪಟಕ್ಕೂ ಇದಕ್ಕೂ ರಚನೆಯಲ್ಲಿ ಹೋಲಿಕೆ ಕಡಿಮೆ. ಆದರೆ ಬೆಳಕನ್ನು ಹಿಡಿಯುವ ದ್ರವ್ಯ ಎರಡರಲ್ಲಿಯೂ ಒಂದೇ ಕುಲದ್ದು. ಅದರ ಹೆಸರು ರೊಡಾಪ್ಸಿನ್.

1960ರ ದಶಕದ ಕೊನೆಯಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಕ್ಯಾಲಿಫೋರ್ನಿಯದಲ್ಲಿ ಸೆಮೂರ್ ಬೆಂಜರ್ ಮತ್ತು ಇಂಡಿಯಾನದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಪಾಕ್, ಕುರುಡು ನೊಣಗಳನ್ನು ಹುಡುಕಲು ಹೊರಟರು. ಮಾರ್ಗ ಸರಳವಾದದ್ದು. ಗಂಡು ನೊಣಗಳಿಗೆ ಸಕ್ಕರೆ ನೀರಿನಲ್ಲಿ ವಂಶವಾಹಿಗಳನ್ನು ಕೆಡಿಸುವ ರಾಸಾಯನಿಕವನ್ನು ಕುಡಿಸಿ, ಅವುಗಳ ಸಂತತಿಯನ್ನು ಗಾಜಿನ ಕೊಳವೆಯಲ್ಲಿಟ್ಟು, ಕೊಳವೆಯ ಇನ್ನೊಂದು ಕೊನೆಯಲ್ಲಿ ದೀಪವಿಡುವುದು. ಕಣ್ಣುಳ್ಳ ನೊಣ ಬೆದರಿದಾಗ ದೀಪದ ಕಡೆಗೆ ಓಡುತ್ತದೆ. ಓಡದೆ ಉಳಿದವನ್ನು ಆರಿಸಿ, ಕೂದಲೆಳೆಯಂಥ ತಂತಿಯನ್ನು ಕಣ್ಣಿಗೆ ಮುಟ್ಟಿಸಿ, ಬೆಳಕು ಬಿದ್ದಾಗ ಏಳಬೇಕಾದ ವಿದ್ಯುತ್ತಿನ ಅಲೆ ಏಳುತ್ತದೆಯೇ ಎಂದು ಪರೀಕ್ಷಿಸಿದರು.

ಹೀಗೆ ಸಿಕ್ಕಿದ ನೊಣಗಳಲ್ಲಿ ಕೆಲವು ಹುಟ್ಟುಗುರುಡು. ಕೆಲವು ಮಾತ್ರ ವಿಶೇಷವಾದವು. ಅವು ಕಣ್ಣುಳ್ಳವಾಗಿಯೇ ಹುಟ್ಟಿ, ಕೆಲವೇ ದಿನಗಳಲ್ಲಿ ಕಣ್ಣನ್ನು ಕಳೆದುಕೊಳ್ಳುತ್ತಿದ್ದವು. ಬೆಳಕನ್ನು ಹಿಡಿಯುವ ಕೋಶಗಳು ಒಂದೊಂದಾಗಿ ಸಾಯುತ್ತಿದ್ದವು. ಅಕ್ಷಿಪಟ ಕ್ಷಯಿಸುವ ಈ ಉತ್ಪರಿವರ್ತನೆಗಳಿಗೆ ಬೆಂಜರನ ಪ್ರಯೋಗಶಾಲೆಯವರು ಆರ್‌ಡಿಜಿ-ಎ, ಆರ್‌ಡಿಜಿ-ಬಿ ಎಂಬ ಹೆಸರಿಟ್ಟರು. ಮನುಷ್ಯರಲ್ಲಿ ವೈದ್ಯರು ರೆಟಿನೈಟಿಸ್ ಪಿಗ್ಮೆಂಟೋಸ ಎಂದು ಕರೆಯುವ ವಂಶದ ರೋಗದ ನಡೆಯೂ ಇಂಥದೇ. ಮೊದಲು ಇರುಳಿನಲ್ಲಿ ಕಾಣದು. ಆಮೇಲೆ ಹಗಲಿನಲ್ಲಿಯೂ ನೋಟದ ಅಂಚುಗಳು ಮಸುಕಾಗಿ, ಕೊಳವೆಯೊಳಗಿಂದ ನೋಡಿದಂತೆ ನಡುವೆ ಒಂದಿಷ್ಟು ಜಗತ್ತು ಮಾತ್ರ ಉಳಿಯುತ್ತದೆ.

ತೆರೆದೇ ಉಳಿದ ತೂಬು

ಕೋಶಗಳು ಸಾಯುವುದೇಕೆ? ಈ ಪ್ರಶ್ನೆಯ ಉತ್ತರದಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಕೆರೆಯ ತೂಬನ್ನು ಬಲ್ಲವರಿಗೆ ಇದು ಅರ್ಥವಾಗದ ವಿಷಯವಲ್ಲ. ಬೆಳಕು ರೊಡಾಪ್ಸಿನನ್ನು ತಟ್ಟಿದೊಡನೆ ಕೋಶದ ಪೊರೆಯಲ್ಲಿರುವ ಒಂದು ಬಗೆಯ ಕೊಬ್ಬು ಕತ್ತರಿಸಲ್ಪಡುತ್ತದೆ. ಅದರಿಂದ ತೂಬುಗಳು ತೆರೆದು ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಕೆಲಸವಾದ ಮೇಲೆ ತೂಬು ಮುಚ್ಚಬೇಕು, ಕತ್ತರಿಸಿದ ಕೊಬ್ಬು ಮತ್ತೆ ಸಿದ್ಧವಾಗಿ ಪೊರೆಗೆ ಬಂದು ಸೇರಬೇಕು. ಇದೆಲ್ಲವೂ ದಿನವಿಡೀ, ಎಡೆಬಿಡದೆ ನಡೆಯುತ್ತದೆ.

ಆರ್‌ಡಿಜಿ-ಎ ನೊಣದಲ್ಲಿ, ಕತ್ತರಿಸಿದ ಕೊಬ್ಬಿನ ತುಣುಕನ್ನು ಮಾರ್ಪಡಿಸಿ ತೆಗೆಯುವ ಕಿಣ್ವ ಕೆಟ್ಟಿರುತ್ತದೆ. ಅದರ ತೂಬುಗಳು ಕತ್ತಲೆಯಲ್ಲಿಯೂ ತೆರೆದೇ ಇರುತ್ತವೆ. ಒಳಗೆ ನುಗ್ಗಿದ ಕ್ಯಾಲ್ಸಿಯಮ್ಮಿನಿಂದ ಕೋಶ ಸಾಯುತ್ತದೆ. ಈ ಸಂಗತಿಯನ್ನು 2000ದಲ್ಲಿ ಪ್ರಕಟಿಸಿದವರು ಕೇಂಬ್ರಿಜ್ಜಿನಲ್ಲಿ ರೋಜರ್ ಹಾರ್ಡಿಯೊಡನೆ ಕೆಲಸಮಾಡುತ್ತಿದ್ದ ರಘು ಪಡಿಂಜತ್ ಮತ್ತು ಸಂಗಡಿಗರು. ತೂಬನ್ನೇ ಇಲ್ಲವಾಗಿಸುವ ಇನ್ನೊಂದು ಉತ್ಪರಿವರ್ತನೆಯನ್ನು ಅದೇ ನೊಣಕ್ಕೆ ಕೂಡಿಸಿದಾಗ ಕೋಶಗಳ ಕ್ಷಯ ತಡೆಯಿತು. ಎರಡು ಕೊರತೆಗಳು ಕೂಡಿ ಕಣ್ಣಿನ ಕೋಶವನ್ನು ಉಳಿಸಿದ ಈ ಪ್ರಯೋಗವು, ಸಾವು ಎಲ್ಲಿಂದ ಬರುತ್ತದೆಂಬುದನ್ನು ಬೆರಳಿಟ್ಟು ತೋರಿಸಿತು.

ಆರ್‌ಡಿಜಿ-ಬಿ ನೊಣದ ಕಥೆ ಬೇರೆ. ಅದರಲ್ಲಿ ಕೊರತೆಯಾಗಿರುವುದು ಕೊಬ್ಬನ್ನು ಹೊತ್ತು ತಂದು ಪೊರೆಗೆ ಮುಟ್ಟಿಸುವ ಹಮಾಲಿ ಪ್ರೋಟೀನು. ಬೆಳಕಿನಲ್ಲಿಟ್ಟರೆ ಇದರ ಕಣ್ಣು ಕೆಲವೇ ದಿನಗಳಲ್ಲಿ ಕೆಡುತ್ತದೆ. ಕತ್ತಲೆಯಲ್ಲಿ ಸಾಕಿದರೆ ಕ್ಷಯ ಬಹಳ ನಿಧಾನವಾಗುತ್ತದೆ. ವಂಶದಿಂದ ಬಂದದ್ದು ಹಣೆಬರಹದಂತೆ ಬದಲಾಗದು ಎಂಬ ನಂಬಿಕೆಗೆ ಇದೊಂದು ತಿದ್ದುಪಡಿ. ಬರಹ ಅದೇ, ಅದರ ಫಲ ಮಾತ್ರ ಸುತ್ತಣ ಪರಿಸರವನ್ನು ಕೇಳಿಕೊಂಡು ನಡೆಯುತ್ತದೆ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ರಘು ಪಡಿಂಜತ್ ಅವರ ತಂಡವು ಈ ಹಮಾಲಿಯ ಬೆನ್ನು ಹತ್ತಿದೆ. ಅದು ಕೋಶದೊಳಗೆ ಎಲ್ಲಿ ನಿಂತು ಕೊಬ್ಬನ್ನು ಕೈಬದಲಾಯಿಸುತ್ತದೆ, ಅದನ್ನು ಅಲ್ಲಿ ಹಿಡಿದು ನಿಲ್ಲಿಸುವುದು ಯಾವುದು ಎಂಬುದನ್ನು ಈ ತಂಡ ಬಿಡಿಸಿ ತೋರಿಸಿದೆ. ಆ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದೀಕಿಯವರು (1932–2013) ಬೆಂಜರನೊಡನೆ ಕೆಲಸಮಾಡಿ, ಬಿಸಿ ಏರಿದೊಡನೆ ಮರವಟ್ಟು ಬೀಳುವ ನೊಣಗಳ ನರಗಳನ್ನು ಪರೀಕ್ಷಿಸಿದವರು. ಅವರಿಬ್ಬರ ಪ್ರಬಂಧ 1976ರಲ್ಲಿ ಪ್ರಕಟವಾಯಿತು. ನೊಣದ ವಿದ್ಯೆ ಕ್ಯಾಲಿಫೋರ್ನಿಯದಿಂದ ಕನ್ನಡನಾಡಿಗೆ ಬಂದ ದಾರಿಗಳಲ್ಲಿ ಅದೊಂದು.

ಇನ್ನೊಂದು ದಾರಿ ಮೈಸೂರಿನದು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ. ಆರ್. ರಾಜಶೇಖರಶೆಟ್ಟರು ಹಣ್ಣುನೊಣಗಳ ಅಧ್ಯಯನಕ್ಕೆ ತಳಹದಿ ಹಾಕಿದರು. ಅವರ ಶಿಷ್ಯಪರಂಪರೆಯವರು ಹುಳಿತ ಹಣ್ಣಿನ ಸೀಸೆಗಳನ್ನೂ ಬಲೆಗಳನ್ನೂ ಹಿಡಿದು ಪಶ್ಚಿಮ ಘಟ್ಟಗಳ ಕಾಡುಗಳನ್ನು ಹೊಕ್ಕು, ಹೊಸ ಹೊಸ ಜಾತಿಯ ನೊಣಗಳನ್ನು ಹುಡುಕಿ ಹೆಸರಿಟ್ಟರು. ಮೈಸೋರೆನ್ಸಿಸ್, ಆಗುಂಬೆನ್ಸಿಸ್ ಎಂಬ ಹೆಸರುಗಳು ಜಗತ್ತಿನ ನೊಣಗಳ ಪಟ್ಟಿಯಲ್ಲಿ ಸೇರಿದ್ದು ಹೀಗೆ. ಬಿಳಿಗಣ್ಣಿನ ನೊಣಗಳೇ ಮೊದಲಾದ ತಳಿಗಳನ್ನು ಸೀಸೆಗಳಲ್ಲಿ ಸಾಕಿ, ಪಾಠಕ್ಕೂ ಸಂಶೋಧನೆಗೂ ಒದಗಿಸುವ ಭಂಡಾರವೂ ಅಲ್ಲಿ ಬೆಳೆಯಿತು. ಮಾರ್ಗನ್ ಎಣಿಸಿದ ಲೆಕ್ಕವನ್ನು ಕನ್ನಡನಾಡಿನ ಎಷ್ಟೋ ವಿದ್ಯಾರ್ಥಿಗಳು ತಮ್ಮ ಕೈಯಾರೆ ಎಣಿಸಿದ್ದಾರೆ.

ಎರಡು ಬಗೆಯ ಇರುಳು

ಮತ್ತೆ ಸಕಲೇಶಪುರದ ಆ ಹುಡುಗನ ಕಡೆಗೆ ಬರೋಣ. ಇರುಳುಗುರುಡು ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಅವನ್ನು ಬೇರ್ಪಡಿಸುವುದೇ ಮೊದಲ ಕೆಲಸ.

ಒಂದು ಹೊಟ್ಟೆಯಿಂದ ಬರುವ ಇರುಳು. ರೊಡಾಪ್ಸಿನ್ ತಯಾರಾಗಲು ‘ಎ’ ಜೀವಸತ್ವ ಬೇಕು. ಅದು ಹಾಲು, ಬೆಣ್ಣೆ, ಮೊಟ್ಟೆಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ನುಗ್ಗೆಸೊಪ್ಪು, ಪರಂಗಿಹಣ್ಣು, ಗಜ್ಜರಿಗಳಲ್ಲಿ ಹಳದಿಯ ವರ್ಣದ್ರವ್ಯವಾಗಿದ್ದು, ದೇಹದೊಳಗೆ ಜೀವಸತ್ವವಾಗಿ ಮಾರ್ಪಡುತ್ತದೆ. ಇವು ಕಾಣದ ಬಡಮನೆಯ ಮಕ್ಕಳಿಗೆ ಮುಸ್ಸಂಜೆ ಮಸುಕಾಗುತ್ತದೆ. ಈ ಕೊರತೆಯನ್ನು ನೀಗಲು ಭಾರತ ಸರಕಾರವು 1970ರಲ್ಲಿ ಮಕ್ಕಳಿಗೆ ‘ಎ’ ಜೀವಸತ್ವದ ದ್ರವವನ್ನು ಕುಡಿಸುವ ಯೋಜನೆಯನ್ನು ಆರಂಭಿಸಿತು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ದೊರೆತರೆ ಈ ಇರುಳು ಸರಿಯುತ್ತದೆ; ತಡವಾದರೆ ಕಣ್ಣಿನ ಗುಡ್ಡೆಯೇ ಒಣಗಿ ಹುಣ್ಣಾಗಿ ಶಾಶ್ವತವಾಗಿ ಕೆಡುತ್ತದೆ.

ಇಲ್ಲಿಯೂ ನೊಣ ನೆರವಿಗೆ ಬಂದಿತು. ಹಳದಿಯ ದ್ರವ್ಯವನ್ನು ಕತ್ತರಿಸಿ ಜೀವಸತ್ವವಾಗಿ ಮಾಡುವ ಕಿಣ್ವ ಯಾವುದೆಂದು ವಿಜ್ಞಾನಿಗಳು ದಶಕಗಳ ಕಾಲ ಹುಡುಕುತ್ತಿದ್ದರು. ಅದರ ವಂಶವಾಹಿಯನ್ನು 2000ದಲ್ಲಿ ಯೋಹಾನೆಸ್ ಫಾನ್ ಲಿಂಟಿಗ್ ಮತ್ತು ಕ್ಲಾಸ್ ಫೋಗ್ಟ್ ಕಂಡುಹಿಡಿದದ್ದು ಹಣ್ಣುನೊಣದಲ್ಲಿ. ಆ ವಂಶವಾಹಿ ಕೆಟ್ಟ ನೊಣ ಹಳದಿಯ ದ್ರವ್ಯವನ್ನು ಎಷ್ಟು ತಿಂದರೂ ಅದರ ಕಣ್ಣಿಗೆ ರೊಡಾಪ್ಸಿನ್ ಒದಗದು.

ಇನ್ನೊಂದು ವಂಶದಿಂದ ಬರುವ ಇರುಳು. 1985ರಲ್ಲಿ ನೊಣದ ರೊಡಾಪ್ಸಿನ್ನಿನ ವಂಶವಾಹಿಯನ್ನು ಬಿಡಿಸಿ ಓದಲಾಯಿತು. 1990ರಲ್ಲಿ ಮನುಷ್ಯರ ರೊಡಾಪ್ಸಿನ್ನಿನಲ್ಲಿ ಒಂದೇ ಒಂದು ಅಕ್ಷರದ ತಪ್ಪು ರೆಟಿನೈಟಿಸ್ ಪಿಗ್ಮೆಂಟೋಸಕ್ಕೆ ಕಾರಣವಾಗುವುದನ್ನು ಅಮೆರಿಕದ ಥ್ಯಾಡಿಯಸ್ ಡ್ರೈಜ ಮತ್ತು ಸಂಗಡಿಗರು ತೋರಿಸಿದರು. ರೊಡಾಪ್ಸಿನ್ನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ರೋಗ ಬರುವುದೇಕೆ? 1995ರಲ್ಲಿ ನೊಣದಲ್ಲಿ ಇದಕ್ಕೆ ವಿವರಣೆ ಸಿಕ್ಕಿತು: ಕೆಟ್ಟ ಪ್ರೋಟೀನು ಒಳ್ಳೆಯದರ ತಯಾರಿಕೆಗೂ ಅಡ್ಡಬರುತ್ತದೆ. ಇಂದು ಈ ರೋಗದ ಕುಟುಂಬಕ್ಕೆ ಕಾರಣವಾದ ವಂಶವಾಹಿಗಳು ಎಂಬತ್ತಕ್ಕೂ ಹೆಚ್ಚು ತಿಳಿದಿವೆ. ಅವುಗಳಲ್ಲಿ ಬಹಳಷ್ಟು ತಾಯಿತಂದೆಗಳಿಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ರೋಗವಾಗಿ ತಲೆದೋರುತ್ತವೆ.

ಸೋದರಸಂಬಂಧದ ಲೆಕ್ಕ

ಇಲ್ಲಿಯೇ ಮನೆತನದ ಮಾತು ಬರುತ್ತದೆ. ಕೆಟ್ಟ ಪ್ರತಿಯೊಂದನ್ನು ಹೊತ್ತವರಿಗೆ ಏನೂ ಆಗಿರುವುದಿಲ್ಲ. ಅವರು ಅಮಾವಾಸ್ಯೆಯ ರಾತ್ರಿಯೂ ತೋಟದ ದಾರಿಯಲ್ಲಿ ನಡೆದಾರು. ಅಂಥ ಇಬ್ಬರು ಮದುವೆಯಾದಾಗ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಸಂಭವ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುವುದಕ್ಕೆ. ಅಪರಿಚಿತ ಮನೆತನಗಳ ಇಬ್ಬರಲ್ಲಿ ಒಂದೇ ತಪ್ಪು ಇರುವುದು ಅಪರೂಪ. ಒಂದೇ ಅಜ್ಜಅಜ್ಜಿಯರ ಮೊಮ್ಮಕ್ಕಳಲ್ಲಿ ಅದು ಅಷ್ಟೇನೂ ಅಪರೂಪವಲ್ಲ. ಸೋದರತ್ತೆಯ ಮಗನಿಗೂ ಸೋದರಮಾವನ ಮಗಳಿಗೂ ವಂಶವಾಹಿಗಳಲ್ಲಿ ಎಂಟನೆಯ ಒಂದು ಪಾಲು ಸಮಾನ. ಸೋದರಮಾವನಿಗೂ ಅಕ್ಕನ ಮಗಳಿಗೂ ನಾಲ್ಕನೆಯ ಒಂದು ಪಾಲು.

ನೆಂಟಸ್ತಿಕೆಯೊಳಗಿನ ಮದುವೆ ಕನ್ನಡನಾಡಿನಲ್ಲಿ ಹಳೆಯ ವಾಡಿಕೆ. ಬೆಂಗಳೂರು, ಮೈಸೂರುಗಳಲ್ಲಿ 1980ರ ದಶಕದಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಅವರ ತಾಯಿತಂದೆಗಳ ಮದುವೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಇಂಥದಾಗಿತ್ತು. ಈ ವಾಡಿಕೆಯ ಹಿಂದೆ ತಿಳಿವಳಿಕೆ ಇಲ್ಲದಿರಲಿಲ್ಲ. ಹೊಲಗದ್ದೆ ಒಡೆಯದೆ ಉಳಿಯಿತು. ಮಗಳು ಅರಿಯದ ಮನೆಗೆ ಹೋಗಿ ಕಣ್ಣೀರಿಡುವುದು ತಪ್ಪಿತು. ಹೀಗೆ ಆದ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಆದಕಾರಣ ಹಳಬರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ಮನೆತನದಲ್ಲಿ ಒಬ್ಬರಿಗಾದರೂ ಇರುಳು ಕಾಣದಿದ್ದರೆ, ಅದೇ ಮನೆತನದೊಳಗೆ ಮುಂದಿನ ಮದುವೆಯನ್ನು ಕುದುರಿಸುವ ಮುನ್ನ ಜಾತಕದ ಜತೆಗೆ ಈ ಲೆಕ್ಕವನ್ನೂ ನೋಡಬೇಕಾದುದು ವಿವೇಕ.

ಇನ್ನೊಂದು ಮಾತು. ಎರಡು ಪ್ರತಿಗಳ ಈ ರೋಗದಲ್ಲಿ ಒಂದು ಬಂದದ್ದು ತಾಯಿಯಿಂದ, ಇನ್ನೊಂದು ಬಂದದ್ದು ತಂದೆಯಿಂದ. ಇಬ್ಬರಿಗೂ ಅದು ತಿಳಿದಿರಲಿಲ್ಲ. ಸೊಸೆಯ ತವರನ್ನು ದೂರುವ ಅತ್ತೆಮನೆಯವರು ತಮ್ಮ ಮಗನ ಪಾಲಿನ ಅರ್ಧವನ್ನು ಮರೆತಿರುತ್ತಾರೆ. ಗ್ರಹಣಕ್ಕೂ ನಾಗನಿಗೂ ಈ ಲೆಕ್ಕದಲ್ಲಿ ಸ್ಥಾನವಿಲ್ಲ.

ಕೈದೀಪದಷ್ಟು ಬೆಳಕು

ಮದ್ದುಂಟೆ? ಎಲ್ಲಕ್ಕೂ ಇಲ್ಲ. ಆರ್‌ಪಿಇ-65 ಎಂಬ ಒಂದು ವಂಶವಾಹಿ ಕೆಟ್ಟು ಬರುವ ಕುರುಡಿಗೆ, ಸರಿಯಾದ ಪ್ರತಿಯನ್ನು ಅಕ್ಷಿಪಟದ ಅಡಿಗೆ ಚುಚ್ಚಿ ಸೇರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಆ ವಂಶವಾಹಿಯು, ನೊಣದಲ್ಲಿ ‘ಎ’ ಜೀವಸತ್ವವನ್ನು ತಯಾರಿಸುವ ವಂಶವಾಹಿಯ ದಾಯಾದಿಯೇ. ಎರಡು ಕಣ್ಣಿನ ಚಿಕಿತ್ಸೆಗೆ ಕೇಳಿದ ಬೆಲೆ 8,50,000 ಡಾಲರು. ಕಾಫಿ ಬೆಲೆ ಎಷ್ಟು ಏರಿದರೂ ಸಣ್ಣ ತೋಟದವನಿಗೆ ಎಟುಕುವ ಮಾತಲ್ಲ. ಆದರೂ ಒಂದು ಕುರುಡಿಗೆ ದಾರಿ ತೆರೆಯಿತೆಂದರೆ ಉಳಿದವುಗಳ ಬಾಗಿಲನ್ನು ತಟ್ಟಲು ಧೈರ್ಯ ಬರುತ್ತದೆ.

ಅಷ್ಟರವರೆಗೆ ಮಾಡಬಹುದಾದುದು ಬಹಳವಿದೆ. ಮುಸ್ಸಂಜೆಯಲ್ಲಿ ಎಡವುವ ಮಗುವನ್ನು ಗದರುವ ಬದಲು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅವರು ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟವನ್ನು ನೋಡಿ, ಇದು ಹೊಟ್ಟೆಯ ಇರುಳೋ ವಂಶದ ಇರುಳೋ ಎಂಬುದನ್ನು ಬಹುಮಟ್ಟಿಗೆ ಹೇಳಬಲ್ಲರು. ತಾವಾಗಿಯೇ ಜೀವಸತ್ವದ ಗುಳಿಗೆಗಳನ್ನು ನುಂಗಿಸುವುದು ಯಕೃತ್ತಿಗೆ ಕೇಡು. ವಂಶದ ರೋಗವೆಂದು ತಿಳಿದರೆ, ಮೂರು ತಲೆಮಾರಿನ ವಂಶವೃಕ್ಷವನ್ನು ಕಾಗದದ ಮೇಲೆ ಬರೆದು, ಯಾರಿಗೆ ಕಾಣುತ್ತಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ಗುರುತುಮಾಡಿ ವೈದ್ಯರ ಮುಂದಿಡಬೇಕು. ಮಾರ್ಗನ್ ತನ್ನ ಸೀಸೆಗಳ ಮುಂದೆ ಮಾಡಿದ ಕೆಲಸವೂ ಇದೇ. ಯಾವ ವಂಶವಾಹಿ ಕೆಟ್ಟಿದೆಯೆಂದು ರಕ್ತಪರೀಕ್ಷೆಯಿಂದ ತಿಳಿಯುವ ಅನುಕೂಲ ಬೆಂಗಳೂರಿನಲ್ಲಿದೆ. ಹುಡುಗನಿಗೆ ನೋಟ ಇರುವಾಗಲೇ ಓದು, ಕಸಬು, ಬ್ರೈಲ್ ಲಿಪಿಗಳನ್ನು ಯೋಜಿಸಿಕೊಂಡರೆ ಮುಂದಿನ ಕತ್ತಲು ಅಷ್ಟು ದಟ್ಟವಾಗಿರದು.

ಕುಯಿಲು ಮುಗಿದು ಸಿಪ್ಪೆಯ ರಾಶಿ ಗೊಬ್ಬರದ ಗುಂಡಿಯನ್ನು ಸೇರುತ್ತದೆ. ನುಸಿಗಳು ಮುಂದಿನ ಹಲಸಿನ ಕಾಲಕ್ಕೆ ಕಾದು ಕೂರುತ್ತವೆ. ಹಿಂದೆ ಮಲೆನಾಡಿನವರು ರಾತ್ರಿ ಹೊರಟರೆ ಒಣಗರಿಯ ಸೂಡಿಯನ್ನು ಹೊತ್ತಿಸಿ ಬೀಸುತ್ತ ನಡೆಯುತ್ತಿದ್ದರು. ಅದರ ಬೆಳಕು ಗುಡ್ಡವನ್ನೆಲ್ಲ ಬೆಳಗುತ್ತಿರಲಿಲ್ಲ. ಮುಂದಿನ ಹೆಜ್ಜೆಯನ್ನು ತೋರಿಸುತ್ತಿತ್ತು. ನೊಣದ ಕಣ್ಣಿನಿಂದ ದೊರೆತ ತಿಳಿವೂ ಸದ್ಯಕ್ಕೆ ಅಷ್ಟೇ. ಹೊಸ್ತಿಲು ಎಡವಿದ ಮಗುವಿನ ತಾಯಿಗೆ, ‘ಇದು ನಿನ್ನ ತಪ್ಪಲ್ಲ’ ಎಂದು ಹೇಳುವುದಕ್ಕಂತೂ ಅದು ಸಾಕು.